ಸೂರಕ್ಕಿಯ ಬಾಯಾರಿಕೆ

ಬೆಳಿಗ್ಗೆ ಎಲ್ಲೋ ಹತ್ತಿರದಲ್ಲೇ ಏನೋ ಸಿಡಿದ ಸದ್ದಿಗೆ ಕಿಟಕಿ ನಡುಗಿ, ಪಂಜರ ಕೊಕ್ಕೆಯಿಂದ ಕಳಚಿ ಬಿತ್ತು. ಸೂರಕ್ಕಿಗೆ ಪೆಟ್ಟಾಗಲಿಲ್ಲ. ಅದು ಜೇನುನೀರು ಹೀರುತ್ತಿದ್ದ ಕೆಂಪು ಮೂತಿಯ ಗಾಜಿನ ಕೊಳವೆ ಮಾತ್ರ ಚೂರುಚೂರಾಯಿತು.

ಹಕ್ಕಿ ನಮ್ಮದಲ್ಲ. ಸಬ್ಹಾನ್ ಎಂಬ ಕೈಗಾರಿಕಾ ಪ್ರದೇಶದಲ್ಲಿ ಅಪ್ಪ ದುಡಿಯುವ ಗೋದಾಮಿನ ಯಜಮಾನರ ತಾಯಿಯದು. ಇಂಡೋನೇಷ್ಯಾದ ಯಾವುದೋ ದ್ವೀಪದ ಕಾಡಿನದಂತೆ. ನನ್ನ ಹೆಬ್ಬೆರಳಿಗಿಂತ ತುಸು ದೊಡ್ಡದು. ಆಗಸ್ಟಿನಲ್ಲಿ ಇರಾಕಿನ ಸೈನ್ಯ ಈ ದೇಶಕ್ಕೆ ನುಗ್ಗಿದ ವಾರ ಅವರೆಲ್ಲ ಸೌದಿಗೆ ಹೊರಟಾಗ ಆ ಅಜ್ಜಿ ಪಂಜರವನ್ನು ನನ್ನ ಕೈಗೇ ಕೊಟ್ಟಿದ್ದರು. ಅರ್ಧ ದಿನ ಕುಡಿಯದಿದ್ದರೆ ಸಾಯುತ್ತದೆ ಎಂದು ಸನ್ನೆಯಲ್ಲೇ ಎಚ್ಚರಿಸಿದ್ದರು.

ಅಂಗಡಿಗಳು ಮುಚ್ಚಿದ್ದವು. ಅಪ್ಪ ಸ್ಟೀಲಿನ ಬಟ್ಟಲಲ್ಲಿ ಬೆಲ್ಲದ ನೀರು ತಂದಿಟ್ಟರು.

"ಬಂದ ನೆಂಟರಿಗೆ ಬೆಲ್ಲ ನೀರು ಕೊಡುದು ನಮ್ಮ ಕ್ರಮ. ಇನ್ನು ಕುಡಿಯುದು ಬಿಡುದು ಅದರ ಇಷ್ಟ."

ಅದು ತಿರುಗಿಯೂ ನೋಡಲಿಲ್ಲ. ಚಮಚದಲ್ಲಿ ಜೇನುನೀರು ಹಿಡಿದೆ, ಅದೂ ಬೇಡ. ಕೊಳವೆ ಇದ್ದ ಜಾಗದಲ್ಲೇ ಕೊಕ್ಕು ತೂರಿಸಿ ತೂರಿಸಿ ಹುಡುಕಿತು. ಹನ್ನೊಂದರ ಹೊತ್ತಿಗೆ ಗರಿ ಉಬ್ಬಿಸಿ, ಕಣ್ಣು ಮುಚ್ಚಿ ಕೂತಿತು. ಕೆಂಪಗಿನ, ಹೂವಿನಂಥದ್ದೇ ಏನಾದರೂ ಬೇಕಿತ್ತು.

ಎದುರುಮನೆಯಲ್ಲಿದ್ದ ನಮ್ಮೂರ ಕಡೆಯ ಇಸಾಬೆಲ್ ಆಂಟಿಯ ಬಾಗಿಲು ತೆರೆದಾಗಲೆಲ್ಲ ಗೋಡೆಯ ಆಲ್ತಾರಿನಲ್ಲಿ, ಬಾಲಯೇಸುವಿನ ಮುಂದೆ, ಕೆಂಪು ಪ್ಲಾಸ್ಟಿಕ್ ಹೂಗಳು ಕಾಣುತ್ತಿದ್ದವು. ಒಂದು ವರ್ಷದಲ್ಲಿ ನಾನು ಅವರನ್ನು ನೋಡಿ ನಕ್ಕದ್ದುಂಟು, ಮಾತಾಡಿದ್ದಿಲ್ಲ. ಈಗ ದೇವರ ಹೂವನ್ನೇ ಕೇಳುವುದು ಹೇಗೆ? ಎರಡು ಸಲ ಅವರ ಬಾಗಿಲ ತನಕ ಹೋಗಿ ಹಿಂದೆ ಬಂದೆ. ಮೂರನೆಯ ಸಲ ತಟ್ಟಿದೆ.

"ಆಂಟಿ, ಒಂದು ಹೂ... ಹಕ್ಕಿಗೆ..."

"ಅಬ್ಬ, ನಿನಗೆ ಮಾತು ಬರ್ತದಾ ಮಾರಾಯ್ತಿ! ಬರೀ ನಗ್ಲಿಕ್ಕೆ ಮಾತ್ರ ಗೊತ್ತುಂಟು ಅಂತ ನಾನು ಗ್ರಹಿಸಿದ್ದೆ."

ತೊದಲುತ್ತಲೇ ಎಲ್ಲ ಹೇಳಿದೆ. ಅವರು ಶಿಲುಬೆಯ ಗುರುತು ಮಾಡಿ, ಉದ್ದ ಕತ್ತಿನ ಹೂವೊಂದನ್ನು ಎಳೆದೇಬಿಟ್ಟರು.

"ಬಾಲಯೇಸು ಏನೂ ಹಸಿದು ಕೂತಿಲ್ಲ. ನಡಿ, ನಡಿ."

ಟೊಳ್ಳು ದಂಟಿನ ತುದಿಗೆ ಮೇಣದಬತ್ತಿಯ ಮೇಣ ತೊಟ್ಟಿಕ್ಕಿಸಿ ಅವರೇ ಮುಚ್ಚಿದರು. ನಾನು ಔಷಧಿ ಹನಿಸುವ ಫಿಲ್ಲರಿನಿಂದ ಜೇನುನೀರು ತುಂಬಿ, ಹೂವನ್ನು ಪಂಜರದ ಸರಳಿಗೆ ನೂಲಿನಿಂದ ಕಟ್ಟಿದೆ.

ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಒಂದು ಕಣ್ಣು ತೆರೆಯಿತು. ಹಕ್ಕಿ ಕಡ್ಡಿಯ ಮೇಲೆ ಸರಿಯುತ್ತ ಬಂದು, ಕೊಕ್ಕನ್ನು ಹೂವಿನೊಳಗೆ ಬುಡದ ತನಕ ಇಳಿಸಿತು. ಕೊರಳ ಗರಿಗಳು ಸಣ್ಣಗೆ ಮಿಡಿಯತೊಡಗಿದವು.

"ಕುಡೀತಾ ಉಂಟು! ಅಪ್ಪಾ, ಕುಡೀತಾ ಉಂಟು!"

"ಮೆಲ್ಲ, ಮೆಲ್ಲ. ಅದಕ್ಕೆ ನೆತ್ತಿಗೆ ಹತ್ತೀತು" ಎಂದರು ಆಂಟಿ. "ಇರು, ಇನ್ನೊಂದು ತರ್ತೇನೆ. ಒಂದನ್ನು ತೊಳೆಯುವಾಗ ಇನ್ನೊಂದು ಬೇಕಲ್ಲ?"

ಅವರು ಹೋದರು. ನಾನು ನೆಲದ ಮೇಲೆ ಕೂತುಬಿಟ್ಟೆ. ಬಾಗಿಲು ತೆರೆದೇ ಇತ್ತು; ಮುಚ್ಚಲು ನಾನು ಏಳಲಿಲ್ಲ.