ಬಾಳೇಶನ ಹಾಡು

ದಾಂಡೇಲಿಯ ಅಂಬೇವಾಡಿಯಲ್ಲಿ ಮಾಲವ್ವ, ನಿರ್ಮಲಾ, ಶಬನಮ ಒಂದೇ ಓಣಿಯಲ್ಲಿ ಬೆಳೆದವರು. ಅಮೆರಿಕದ ಕಪ್ಪು ಜನರ ಸೋಲ್ ಸಂಗೀತದ ಹುಚ್ಚು ಹತ್ತಿ, ಅದೇ ಧಾಟಿಯಲ್ಲಿ ಕನ್ನಡ ಪದ ಕಟ್ಟಿ ಹಾಡುತ್ತಿದ್ದರು. ಶನಿವಾರ ಬಂತೆಂದರೆ ರೆಸಾರ್ಟುಗಳಲ್ಲಿ ಅವರದೇ ಕಾರ್ಯಕ್ರಮ. ಪ್ರೀತಿಯ ಹಾಡುಗಳಿಗೆ ಪ್ರವಾಸಿಗರು ಎದ್ದು ಕುಣಿಯುತ್ತಿದ್ದರು. ಅವುಗಳದೇ ಒಂದು ಆಲ್ಬಮ್ ತರುವ ತಯಾರಿಯೂ ನಡೆದಿತ್ತು.

ಹೋದ ಬೇಸಿಗೆಯಲ್ಲಿ ಮಾಲವ್ವನ ತಮ್ಮ ಬಾಳೇಶ ಒಂದು ರೆಸಾರ್ಟಿನ ಮಲಗುಂಡಿ ಬಳಿಯಲು ಇಳಿದವನು ಉಸಿರುಗಟ್ಟಿ ಸತ್ತ. ಕುಡಿದು ಬಿದ್ದನೆಂದು ರೆಸಾರ್ಟಿನವರು ಸುದ್ದಿ ಹಬ್ಬಿಸಿದರು.

"ನಮ್ಮ ಆಲ್ಬಮ್‌ನ್ಯಾಗ ಪ್ರೀತಿ ಹಾಡು ಸಾಕವ್ವಾ" ಎಂದಳು ಮಾಲವ್ವ ಗೆಳತಿಯರಿಗೆ. "ಬಾಳೇಶಂದು ಹಾಡೂಣು. ಅವನಂಗ ಸತ್ತವರದು ಹಾಡೂಣು."

ಹಳಿಯಾಳದಲ್ಲಿ ಗ್ಯಾರೇಜಿನ ಮಹಡಿ ಮೇಲೆ ವಜೀರನ ರೆಕಾರ್ಡಿಂಗ್ ಕೋಣೆ.

"ವಜೀರಭಾಯಿ, ಕೇಳಿದವರ ತಲಿ ಗಿರ್ರ್ ಅನ್ನಬೇಕು. ಗುಂಡ್ಯಾಗ ಗ್ಯಾಸ್ ಹತ್ತಿದಾಗ ಅವಂಗ ಹೆಂಗ ಆಗಿತ್ತೋ, ಹಂಗ" ಎಂದಳು ಮಾಲವ್ವ.

ವಜೀರ ಗಿಟಾರಿನ ನಾದವನ್ನು ನೀರಲ್ಲಿ ಅದ್ದಿದಂತೆ ತೇಲಿಸಿದ. ಮೂವರ ದನಿಯನ್ನು ಹಿಂದುಮುಂದಾಗಿಸಿ, ಪ್ರತಿಧ್ವನಿಯ ಮೇಲೆ ಪ್ರತಿಧ್ವನಿ ಕೂಡಿಸಿದ. ಮೊದಲ ಸಲ ಕೇಳಿದ ಮಾಲವ್ವ ಎದ್ದು ಹೊರಗೆ ಓಡಿದಳು. ಮೆಟ್ಟಿಲ ಮೇಲೆ ಕೂತು ಮನಸಾರೆ ಅತ್ತಳು. ಮುಖ ಒರೆಸಿಕೊಂಡು ಒಳಬಂದು, "ಇನ್ನೊಮ್ಮೆ ಹಚ್ಚರಿ" ಎಂದಳು.

ಹಾಡಿನ ಸುದ್ದಿ ತಿಳಿದು, ರೆಸಾರ್ಟುಗಳಲ್ಲಿ ಅವರ ಕಾರ್ಯಕ್ರಮ ಗೊತ್ತುಮಾಡುತ್ತಿದ್ದ ಶಂಕ್ರಪ್ಪ ಮೂವರೂ ಇದ್ದಾಗ ಮಾಲವ್ವನ ಮನೆಗೇ ಬಂದ.

"ಅದೊಂದು ಹಾಡು ತಗದ ಬಿಡ್ರಿ. ಇಲ್ಲಾಂದ್ರ ಯಾವ ರೆಸಾರ್ಟಿನವರೂ ನಿಮ್ಮನ್ನ ಕರಿಯಾಂಗಿಲ್ಲ."

ನಿರ್ಮಲಾಳ ಮುಖ ಬಾಡಿತು. ಅವಳ ಸಂಸಾರ ನಡೆಯುತ್ತಿದ್ದುದೇ ಆ ದುಡಿಮೆಯಿಂದ. ಮಾಲವ್ವ ಅದನ್ನು ಕಂಡು ಗೆಳತಿಯರತ್ತ ತಿರುಗಿದಳು.

"ನಿಮಗ ಬ್ಯಾಡ ಅನಿಸಿದ್ರ ಬಿಡ್ರಿ. ನಾ ಒಬ್ಬಾಕಿನ ಹಾಡತೇನಿ."

"ಒಬ್ಬಾಕಿ ಹಾಡಿದ್ರ ಅದು ಗುಂಪು ಹೆಂಗ ಆದೀತು?" ಎಂದಳು ಶಬನಮ.

ನಿರ್ಮಲಾ ಎದ್ದು ಹೋಗಿ ಚಹಾದ ಕಪ್ಪು ತಂದಿಟ್ಟಳು. ಆಮೇಲೆ, "ಚಾ ಕುಡದು ಹೋಗ್ರಿ ಶಂಕ್ರಪ್ಪಣ್ಣಾ. ಹಾಡು ಇರತೈತಿ" ಎಂದಳು.

ಆಲ್ಬಮ್ ಹೊರಬಂತು. ರೆಸಾರ್ಟುಗಳ ಕರೆ ನಿಂತೇ ಹೋಯಿತು. ನಿರ್ಮಲಾ ಹೊಲಿಗೆ ಹಿಡಿದಳು. ಮೂವರೂ ಸ್ಪೀಕರು ಹೊತ್ತು ಮುಂಡಗೋಡದ ಸಂತೆಗೆ ಹೋದರು. ಸ್ಪೀಕರಿನಿಂದ ಬಂದ ಹಿಂದುಮುಂದಾದ ದನಿ ಕೇಳಿ ಜನ ಮೊದಲು ನಕ್ಕರು. ಮಾಲವ್ವ ಅದರ ಜೊತೆಗೇ ಕಣ್ಣು ಮುಚ್ಚಿ ಹಾಡಿದಳು. ತಮ್ಮನ ಹೆಸರು ಬಂದಾಗಲೂ ದನಿ ನಡುಗಗೊಡಲಿಲ್ಲ. ನಗು ನಿಂತಿತು.

ಹಾಡು ಮುಗಿದ ಮೇಲೆ ಸೊಪ್ಪು ಮಾರುವ ದುರ್ಗವ್ವ ಎಂಬಾಕೆ ಹತ್ತಿರ ಬಂದಳು.

"ನನ್ನ ಗಂಡನೂ ಹಿಂಗ ಸತ್ತಾನವ್ವಾ. ಈರೇಶ ಅಂತ. ಅವನ ಹೆಸರೂ ಸೇರಸ್ತೀರೇನು?"

"ಸೇರಸ್ತೇವಿ. ಆದ್ರ ಗುಂಡ್ಯಾಗ ಇಳಿಸಿದವರ ಮ್ಯಾಲ ಕೋರ್ಟಿಗೂ ಹೋಗೂಣು. ಬರ್ತೀರೇನು?" ಎಂದಳು ಮಾಲವ್ವ.

ದುರ್ಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ತಲೆಯಾಡಿಸಿದಳು. ಮರುವಾರ ಇಬ್ಬರೂ ಹಳಿಯಾಳದ ವಕೀಲರ ಮುಂದೆ ಕೂತಿದ್ದರು.