ಕೈಬಿಗಿಯ ನೀಲಾಂಬಿಕಾ

ಬಾಗಲಕೋಟೆಯ ಕಡೆಯವರಾಗಿದ್ದೂ ಊಟಕ್ಕೆ ಬಂದವರಿಗೆ ‘ಇನ್ನೊಂದು ರೊಟ್ಟಿ’ ಎಂದು ಒತ್ತಾಯಿಸದ ಮನೆಯೊಡತಿಯನ್ನು ನಾನು ಕಂಡದ್ದು ಅರಬ್ ಎಮಿರೇಟ್ಸ್‌ನ ಅಲ್ ಐನ್‌ನಲ್ಲಿ ಮಾತ್ರ. ಅವರು ಮಣ್ಣಿನ ವಿಜ್ಞಾನಿ ನೀಲಾಂಬಿಕಾ. "ಬೇಕಾದ್ರ ಕೇಳ್ರಿ, ಬಾಯಿ ಐತಲ್ಲ" ಎಂದು ಬುಟ್ಟಿಯನ್ನು ನಡುವೆ ಇಟ್ಟು ತಾವೂ ಊಟಕ್ಕೆ ಕೂತುಬಿಡುತ್ತಿದ್ದರು.

ಗಿಡಗಳ ವಿಷಯದಲ್ಲೂ ಅದೇ ಕೈಬಿಗಿ. ಸುಡುಬಿಸಿಲಲ್ಲೂ ಮೊಣಕಾಲು ಮುಟ್ಟುವ ಖಾಕಿ ಕೋಟು ತೊಟ್ಟು, ಬಿದ್ದುಹೋದ ಮೂಗುತಿ ಹುಡುಕುವವರಂತೆ ನೆಲ ನೋಡುತ್ತಲೇ ನಡೆಯುವ ಅವರು ಹಸುರನ್ನು ಹೊಗಳಿದ್ದನ್ನು ಯಾರೂ ಕೇಳಿಲ್ಲ. ಅವರ ಜೇಬು ಸೇರುತ್ತಿದ್ದದ್ದು ಬೇರಿನ ತುಂಡುಗಳು. ೨೦೦೧ರಲ್ಲಿ ಹೊಸ ರಸ್ತೆಯ ಬದಿಗೆ ಅರ್ತಾ ಎಂಬ ಮರಳುಗಾಡಿನ ಪೊದೆಯನ್ನು ನೆಡುವ ಕೆಲಸ ಬಂದಾಗ, ಗುತ್ತಿಗೆದಾರರು ಗೊಬ್ಬರ ಸುರಿಯಲು ಸಿದ್ಧರಾಗಿದ್ದರು. ಗೊಬ್ಬರ ಉಂಡ ಪೊದೆ ಬೇಸಿಗೆ ತಾಳುವುದಿಲ್ಲ ಎಂದು ಹಟ ಹಿಡಿದ ನೀಲಾಂಬಿಕಾ, ಗುತ್ತಿಗೆದಾರರನ್ನು ಒಂದು ಪರೀಕ್ಷೆಗೆ ಒಪ್ಪಿಸಿದರು: ಕೆಲವು ಸಾಲಿಗೆ ಗೊಬ್ಬರ, ಕೆಲವಕ್ಕೆ ಬರಿಯ ಮರಳು. ಸೋತರೆ ನೀಲಾಂಬಿಕಾರ ಮಾತಿಗೆ ಅಲ್ಲಿ ಮತ್ತೆ ಬೆಲೆಯಿರಲಿಲ್ಲ.

ಮಾರ್ಚ್‌ನಲ್ಲಿ, ಬರಿಮರಳಿನ ಸಾಲೊಂದರ ತುದಿಯ ಗಿಡಗಳು ಇದ್ದಕ್ಕಿದ್ದಂತೆ ಹಸುರೇರಿದವು. ನೀಲಾಂಬಿಕಾ ಚಿಗುರೊಂದನ್ನು ಹಿಡಿದರೆ ಎಳೆ ಸೌತೆಕಾಯಿಯಂತೆ ಪಟ್ಟನೆ ಮುರಿಯಿತು. ಅವರ ಹಿಂದೆ, ಗಿಡಗಳಿಗೆ ನೀರು ಬಿಡುವ ಉಳ್ಳಾಲದ ಅಲಿಕುಂಞಿ ತಲೆ ತಗ್ಗಿಸಿ ನಿಂತಿದ್ದರು.

"ಪಾಪ ಅಲ್ವಾ ಮೇಡಂ? ಪಕ್ಕದ ಸಾಲಿಗೆ ಊಟ, ಇವಕ್ಕೆ ಉಪವಾಸ. ನೋಡ್ಲಿಕ್ಕಾಗ್ಲಿಲ್ಲ ಮಾರಾಯ್ರೆ, ಒಂದೊಂದು ಹಿಡಿ ಹಾಕಿದೆ."

"ಹೊಟ್ಟಿ ತುಂಬಿದ್ದು ನೀರು ಹುಡುಕ್ಕೊಂಡು ಕೆಳಗ ಯಾಕ ಇಳೀತೈತಿ, ಕಾಕಾ?"

ಬೈಯಲಿಲ್ಲ. ಆ ಗಿಡಗಳಿಗೆ ಕೆಂಪು ದಾರ ಕಟ್ಟಿದರು. "ಇನ್ನ ಇವು ನಿಮ್ಮ ಬೀಗರು. ಇವರದು ಬ್ಯಾರೆ ಪಂಕ್ತಿ."

ಜೂನ್‌ನಲ್ಲಿ, ಮೊದಲೇ ಮಾತಾದಂತೆ, ಎಲ್ಲ ಸಾಲುಗಳಿಗೂ ನೀರು ನಿಂತಿತು. ಆಗಸ್ಟ್ ಹೊತ್ತಿಗೆ ಗೊಬ್ಬರ ಉಂಡ ಸಾಲುಗಳು ಕಡ್ಡಿಯಾದವು. ಕೆಂಪು ದಾರದವೂ ಉಳಿಯಲಿಲ್ಲ. ಅಗೆದರೆ, ಅವುಗಳ ಬೇರು ಮೊಳದುದ್ದವೂ ಇಳಿದಿರಲಿಲ್ಲ. ಬರಿಮರಳಿನಲ್ಲಿ ಬದುಕುಳಿದ ಕುಳ್ಳ, ಬಡಕಲು ಪೊದೆಗಳ ಬೇರಿನ ಜಾಡು ಹಿಡಿದು ಅಲಿಕುಂಞಿ ಎದೆಮಟ್ಟದ ಗುಂಡಿಗೆ ಇಳಿಯಬೇಕಾಯಿತು. ಅಲ್ಲಿ ಮರಳು ತಣ್ಣಗಿತ್ತು. ಗುತ್ತಿಗೆದಾರರು ಗೊಬ್ಬರದ ಲಾರಿಯನ್ನು ಹಿಂದಕ್ಕೆ ಕಳಿಸಿದರು.

ಗೆದ್ದ ಆ ಸಂಜೆ ನೀಲಾಂಬಿಕಾ ಅಲಿಕುಂಞಿಯವರನ್ನೂ ಊಟಕ್ಕೆ ಕರೆದಿದ್ದರು. ಅವರು ಕೆಂಪು ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ನಾನೇ ಕೊಂದೆ ಅವನ್ನು" ಎಂದು ತುತ್ತನ್ನೇ ಮರೆತಿದ್ದರು. ನೀಲಾಂಬಿಕಾ ಎದ್ದು ಬಂದರು.

"ಇನ್ನೊಂದು ರೊಟ್ಟಿ ತಗೋಳ್ರಿ, ಕಾಕಾ."

"ಖಲಾಸ್ ಮೇಡಂ, ಸಾಕು. ಮತ್ತೆ ನನ್ನ ಬೇರಿನ ಗತಿ?"

"ನಿಮ್ಮ ಬೇರು ಇಳಿಯೂವಷ್ಟು ಇಳದಾವ. ಉಣ್ರಿ ಸುಮ್ನ."

ಎಂದವರೇ ತಟ್ಟೆಗೆ ಹಾಕಿಯೇಬಿಟ್ಟರು.

ಕೈತುಂಬ ಕೊಡುವವರನ್ನು ಊರು ಕೊಂಡಾಡುತ್ತದೆ. ಕೊಡಬಲ್ಲ ಕೈಯನ್ನು ತಡೆದು, ಎದುರಿನ ಜೀವ ತನ್ನ ನೀರನ್ನು ತಾನೇ ಕಂಡುಕೊಳ್ಳುವವರೆಗೆ ಜಿಪುಣರೆನಿಸಿಕೊಂಡು ಕಾಯುವ ಇಂಥವರನ್ನು ಕೊಂಡಾಡುವವರು ಕಡಿಮೆ. ಆದರೆ ನಿಜವಾಗಿ ಬಡಿಸಬೇಕಾದ ಗಳಿಗೆ ಬಂದಾಗ, ಪಂಕ್ತಿಯಲ್ಲಿ ಮೊದಲು ಏಳುವವರು ಅವರೇ.