ಡಿಪೊದ ನಾಗನಿಗೆ ಹಾಲು

ಈ ವರ್ಷ ನಾಗರಪಂಚಮಿಗೆ ಹೋಗುವುದಿಲ್ಲ ಎಂದಿದ್ದೆ. ಕೋಪರಿಯಿಂದ ಕಲ್ಯಾಣದವರೆಗೆ ಲೋಕಲ್‌ನಲ್ಲಿ ನಿಂತು, ಅಲ್ಲಿಂದ ರಿಕ್ಷಾದಲ್ಲಿ ಹೊಂಡ ಹಾರಿಸಿಕೊಂಡು ಹೋಗುವಷ್ಟು ಸೊಂಟ ನನಗೆ ಉಳಿದಿಲ್ಲ. ಹೆಂಡತಿ ಶ್ರೀಮತಿ ಹಾಲು, ಎಳನೀರು, ಅರಸಿನ ಚೀಲಕ್ಕೆ ತುಂಬಿ ಬಾಗಿಲಲ್ಲಿಟ್ಟಳು.

“ನಿಮ್ಮ ಅಪ್ಪ ಇಟ್ಟ ಕಲ್ಲು ಮಾರಾಯ್ರೆ. ನಾವಿರುವಷ್ಟು ದಿನ ತನು ಎರೆಯದೆ ಬಿಡ್ಲಿಕ್ಕುಂಟಾ?”

ನಾಗನಿಗೆ ಹಾಲು, ಎಳನೀರು ಎರೆಯುವುದಕ್ಕೆ ನಮ್ಮ ಉಡುಪಿ ಕಡೆ ತನು ಎನ್ನುತ್ತಾರೆ. ಆದರೆ ಈ ನಾಗ ಊರಿನವನಲ್ಲ, ಡಿಪೊದವನು.

ವಾಯುಪಡೆಗೆ ಸಾಮಾನು ಕಳಿಸುವ ಡಿಪೊ ಅದು. ಯುದ್ಧಕಾಲದಲ್ಲಿ ಬ್ರಿಟಿಷರು ಕಟ್ಟಿದ ತಗಡಿನ ಗೋದಾಮುಗಳು. ಒಳಗೆ ವಿಮಾನದ ಚಕ್ರ, ಇಂಜಿನ್, ಪ್ಯಾರಾಶೂಟ್. ಒಂದು ವಿಮಾನವಾದರೂ ಅಲ್ಲಿ ಇಳಿದದ್ದನ್ನು ನಾನು ಕಾಣೆ. ಹಾರುವವರು ಇನ್ನೆಲ್ಲೋ, ಬೆವರುವವರು ಇಲ್ಲಿ. ಅಪ್ಪ ಯಜ್ಞೇಶ್ವರ ಭಟ್ಟರು ಅಲ್ಲಿ ಕ್ಯಾಂಟೀನ್ ನಡೆಸುತ್ತಿದ್ದರು. ಅವರ ನಂತರ, ಬಾಗಿಲು ಮುಚ್ಚುವವರೆಗೆ, ನಾನು.

ಒಮ್ಮೆ ಇಂಜಿನ್ ಪೆಟ್ಟಿಗೆ ಇಳಿಸುವಾಗ ಅದರಡಿ ಸಿಕ್ಕಿ ಒಂದು ನಾಗರಹಾವು ಸತ್ತಿತು. ಇಳಿಸಿದವನು ಬಾಗಲಕೋಟೆ ಕಡೆಯ ಹಮಾಲ ಯಂಕಪ್ಪ. ಅವನು ಹೆದರಿ ಊಟ ಬಿಟ್ಟು ಕೂತ. ಅಪ್ಪ ಮನುಷ್ಯರಿಗೆ ಮಾಡುವ ಹಾಗೆಯೇ ಹಾವಿಗೆ ಸಂಸ್ಕಾರ ಮಾಡಿ, ಹುಣಸೆಮರದ ಬುಡದಲ್ಲಿ ಕಲ್ಲು ನಿಲ್ಲಿಸಿದರು. ಆಮೇಲೆ ಪಂಜಾಬಿ ಸಾಹೇಬರು ಕೂಡ ಲಾರಿ ಹೊರಡಿಸುವ ಮೊದಲು ಅದಕ್ಕೆ ಕೈಮುಗಿಯುತ್ತಿದ್ದರು.

ಡಿಪೊ ಮುಚ್ಚಿತು. ಹುಲ್ಲು ಬೆಳೆಯಿತು, ಜಾಗ ಕೈ ಬದಲಾಯಿತು, ಕೊನೆಗೆ ಬುಲ್ಡೋಜರ್ ಬಂತು. ಕಲ್ಲು ಉಳಿಸಲೆಂದು ಶ್ರೀಮತಿ ಬಿಲ್ಡರನ ಜನರ ಮುಂದೆ ಬುರುಡೆ ಬಿಟ್ಟಳು: ಇದು ಮುನ್ನೂರು ವರ್ಷದ ಸ್ವಯಂಭೂ, ಮುಟ್ಟಿದರೆ ಒಳ್ಳೆಯದಾಗುವುದಿಲ್ಲ. ಅವರು ನಂಬಿಬಿಟ್ಟರು. ಗೋದಾಮುಗಳೆಲ್ಲ ನೆಲಸಮವಾಗಿ ಟವರುಗಳೆದ್ದವು. ಕಲ್ಲಿಗೆ ಅಮೃತಶಿಲೆಯ ಗುಡಿಯಾಯಿತು.

ಕಳೆದ ವರ್ಷ ಕೆಲಸ ಮುಗಿದಿರಲಿಲ್ಲ, ಸಲೀಸಾಗಿ ಒಳಗೆ ಹೋಗಿದ್ದೆ. ಈ ಸಲ ಗೇಟಿನಲ್ಲಿ ಬೋರ್ಡು: ‘ಮುನ್ನೂರು ವರ್ಷದ ಪ್ರಾಚೀನ ನಾಗಮಂದಿರ. ನಿವಾಸಿಗಳಿಗೆ ಮಾತ್ರ.’ ಡಿಪೊದ ಹೆಸರು ಎಲ್ಲೂ ಇಲ್ಲ.

“ಕೌನ್ಸಾ ಫ್ಲ್ಯಾಟ್?” ಬಿಳಿಮೀಸೆಯ ವಾಚ್‌ಮನ್ ಯಾವ ಫ್ಲ್ಯಾಟೆಂದು ಹಿಂದಿಯಲ್ಲಿ ಕೇಳುತ್ತ ಅಡ್ಡ ಬಂದ.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಬಂದೂಕು ಹಿಡಿದ ಕಾವಲಿದ್ದಾಗಲೂ ಈ ಗೇಟಿನಲ್ಲಿ ನನ್ನನ್ನು ಯಾರೂ ತಡೆದಿರಲಿಲ್ಲ.

“ನನ್ನಪ್ಪ ಇಟ್ಟ ಕಲ್ಲಯ್ಯಾ ಅದು!” ಎಂದು ಕನ್ನಡದಲ್ಲೇ ಕೂಗಿದೆ.

ಅವನು ನನ್ನ ಮುಖವನ್ನೇ ನೋಡಿದ. “ಕ್ಯಾಂಟೀನ್ ಭಟ್ರಲ್ಲೇನ್ರೀ? ನಾ ಯಂಕಪ್ಪ ರೀ.”

ಅದೇ ಹಮಾಲ ಯಂಕಪ್ಪ. ಈ ತಿಂಗಳಷ್ಟೇ ಇಲ್ಲಿ ಕೆಲಸಕ್ಕೆ ಸೇರಿದ್ದನಂತೆ.

“ಹಾಗಾದರೆ ಒಳಗೆ ಬಿಡು ಮಾರಾಯ.”

“ಕ್ಯಾಮೆರಾ ಐತ್ರೀ. ಸೆಕ್ರೆಟರಿ ನೋಡಿದ್ರ ನನ್ನ ನೌಕರಿ ಹೋಗ್ತೈತಿ. ನನಗೂ ಗುಡಿ ಕಡೆ ಬಿಡಂಗಿಲ್ರೀ, ಇಲ್ಲಿಂದನ ಕೈ ಮುಗೀತೀನಿ.” ನನ್ನ ಚೀಲದೊಳಗೆ ಇಣುಕಿದ. “ಹಾಲು ಡೆಲಿವರಿ ಅಂತ ಬರ್ಕೋತೀನಿ, ಹೋಗ್ರಿ. ಹಾಲಿನವ್ರನ್ನ ಯಾರೂ ತಡಿಯಂಗಿಲ್ಲ.”

ಎಪ್ಪತ್ತರ ವಯಸ್ಸಿನಲ್ಲಿ ಹಾಲಿನವನಾಗಿ ಒಳಗೆ ಹೋದೆ. ಗುಡಿಯಲ್ಲಿ ಯಾರೂ ಇರಲಿಲ್ಲ. ಬೆಳ್ಳಿಯ ಕವಚ ಸರಿಸಿದರೆ ಅಡಿಯಲ್ಲಿ ಅಪ್ಪನ ಅದೇ ಕರಿಕಲ್ಲು. ಹಾಲೆರೆದೆ, ಎಳನೀರು ಎರೆದೆ, ಅರಸಿನ ಹಚ್ಚಿದೆ. ಅಳು ಬಂತು, ಅತ್ತೆ. ಒಂದು ಚಿಟಿಕೆ ಅರಸಿನ ಪ್ರಸಾದ ಮುಷ್ಟಿಯಲ್ಲಿ ಹಿಡಿದು ಗೇಟಿಗೆ ಬಂದೆ.

ಯಂಕಪ್ಪ ತಕ್ಷಣ ಕೈಯೊಡ್ಡಲಿಲ್ಲ. ಯೂನಿಫಾರ್ಮಿಗೆ ಅಂಗೈ ಒರೆಸಿಕೊಂಡ, ಟೋಪಿ ತೆಗೆದ.

“ಕೊಂದಾಂವ ನಾನ್ರೀ, ಭಟ್ರ,” ಎಂದ. “ಅದರ ಪ್ರಸಾದ ನನಗ ಕೊಡ್ತೀರೇನು?”

ನಾನೇ ಅವನ ಹಣೆಗೆ ಹಚ್ಚಿದೆ. ಕಣ್ಣು ಮುಚ್ಚಿ ನಿಂತುಬಿಟ್ಟ. ಹಿಂದೆ ಕಾರೊಂದು ಹಾರ್ನ್ ಹೊಡೆಯುತ್ತಲೇ ಇತ್ತು.

“ಬರುವ ವರ್ಷವೂ ಹಾಲಿನವ ಬರ್ತಾನೆ,” ಎಂದೆ. “ನೀನು ಗೇಟಿನಲ್ಲಿರು.”